ನೌರು: ನೆಲ ಮಾರಿಕೊಂಡ ದ್ವೀಪ, ಬಾಡಿಗೆಗೆ ಬಂದ ನಿರಾಶ್ರಿತರು

ತುಂಗಾತೀರ:

2025ರ ಆಗಸ್ಟ್ ಕೊನೆಯಲ್ಲಿ ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ನೌರು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಬಗ್ಗೆ ವಿವರವಾದ ಕನ್ನಡ ಬರಹ ನನ್ನ ಕಣ್ಣಿಗೆ ಬೀಳಲಿಲ್ಲ, ಆದ್ದರಿಂದ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಆಸ್ಟ್ರೇಲಿಯಾ ತನ್ನಲ್ಲಿ ಇಟ್ಟುಕೊಳ್ಳಲು ಒಲ್ಲದ, ಸ್ವದೇಶಕ್ಕೆ ಕಳುಹಿಸಲೂ ಆಗದ ಸುಮಾರು 350 ವಿದೇಶಿಯರನ್ನು ನೌರುವಿಗೆ ಸಾಗಿಸಲು ಇದು ದಾರಿ ಮಾಡಿಕೊಡುತ್ತದೆ. ಪ್ರತಿಯಾಗಿ ನೌರುವಿಗೆ ಆರಂಭದಲ್ಲಿ 40.8 ಕೋಟಿ ಆಸ್ಟ್ರೇಲಿಯನ್ ಡಾಲರ್, ಆಮೇಲೆ ವರ್ಷಕ್ಕೆ ಸುಮಾರು 7 ಕೋಟಿ. ಮೂವತ್ತು ವರ್ಷ ನಡೆದರೆ ಮೊತ್ತ 250 ಕೋಟಿ ಡಾಲರ್ ಮುಟ್ಟುತ್ತದೆ.

ಪಡೆಯುತ್ತಿರುವ ದೇಶದ ಗಾತ್ರ ನೋಡಿ. 21 ಚದರ ಕಿಲೋಮೀಟರ್ ನೆಲ, ಸುಮಾರು 12,000 ಜನ. ಇಡೀ ದ್ವೀಪವನ್ನು ಸುತ್ತುವ ರಸ್ತೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಇಂಥ ದೇಶ 2001ರಿಂದಲೂ, ಆಗಾಗ ಬಿಡುವು ಕೊಟ್ಟು, ಆಸ್ಟ್ರೇಲಿಯಾಕ್ಕೆ ಬೇಡವಾದ ಆಶ್ರಯ ಕೋರುವವರನ್ನು ಇಟ್ಟುಕೊಂಡು ಬಂದಿದೆ. ಆಸ್ಟ್ರೇಲಿಯಾ ಇಲ್ಲಿ ದುಡ್ಡು ಕೊಟ್ಟು ಪಡೆಯುತ್ತಿರುವುದು ಹೊಣೆಯಿಂದ ಬಿಡುಗಡೆ ಎಂಬುದು ನನ್ನ ಅನುಮಾನ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಕೇಳಿದರೆ ಅದು ನೌರುವಿನ ಆಂತರಿಕ ವಿಷಯ, ನೌರುವಿನಲ್ಲಿ ಕೇಳಿದರೆ ಆಸ್ಟ್ರೇಲಿಯಾವನ್ನು ಕೇಳಿ. ಈ ಇಬ್ಬರ ನಡುವೆ ಸಿಕ್ಕಿಕೊಂಡ ಮನುಷ್ಯ ಯಾರ ಬಾಗಿಲು ತಟ್ಟಬೇಕು? ತಿಳಿದವರು ಬರೆಯಿರಿ. ನೌರುವಿನವರನ್ನು ಬೈದು ಮುಗಿಸುವ ಉತ್ತರಗಳು ಮಾತ್ರ ಬೇಡ.

ನಿವೃತ್ತ ಮೇಷ್ಟ್ರು, ಹಾಸನ:

ಬೈಯುವ ಮೊದಲು ಆ ದ್ವೀಪದ ಚರಿತ್ರೆ ಓದಬೇಕು. ಭೂಗೋಳ ಪಾಠ ಮಾಡುವಾಗ ನಾನು ಅಟ್ಲಾಸಿನಲ್ಲಿ ತೋರಿಸಲು ಹೆಣಗುತ್ತಿದ್ದ ಚುಕ್ಕೆ ಅದು, ಸಮಭಾಜಕ ವೃತ್ತಕ್ಕೆ ಅರ್ಧ ಡಿಗ್ರಿ ದಕ್ಷಿಣಕ್ಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಉತ್ಕೃಷ್ಟ ಗುಣಮಟ್ಟದ ಫಾಸ್ಫೇಟ್ ಇದೆ ಎಂದು ಗೊತ್ತಾಯಿತು. ಆಗ ಅದು ಜರ್ಮನರ ವಸಾಹತು. ಮೊದಲ ಮಹಾಯುದ್ಧದ ನಂತರ ಆಡಳಿತ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಮೂವರ ಕೈಗೆ ಬಂತು. ನೌರುವಿನ ಮಣ್ಣು ಹಡಗುಗಟ್ಟಲೆ ಹೋಗಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹೊಲ, ಹುಲ್ಲುಗಾವಲುಗಳಿಗೆ ಗೊಬ್ಬರವಾಯಿತು. ಅಲ್ಲಿನ ಗೋಧಿ, ಉಣ್ಣೆಯ ಸಮೃದ್ಧಿಯಲ್ಲಿ ಈ ದ್ವೀಪದ ಪಾಲಿದೆ. ದ್ವೀಪದಲ್ಲಿ ಉಳಿದದ್ದು ಸುಣ್ಣಕಲ್ಲಿನ ಚೂಪು ಕಂಬಗಳ ಕಾಡು. ಸುಮಾರು ಐದರಲ್ಲಿ ನಾಲ್ಕು ಭಾಗ ನೆಲವನ್ನು ಹೀಗೆ ಬಗೆದಿದ್ದಾರೆ. ಅಲ್ಲಿ ಬೆಳೆ ಬೆಳೆಯಲಾಗದು, ಮನೆ ಕಟ್ಟುವುದೂ ಕಷ್ಟ. ಜನ ವಾಸಿಸುವುದು ಕರಾವಳಿಯ ಕಿರಿದಾದ ಪಟ್ಟಿಯಲ್ಲಿ ಮತ್ತು ಬುವಾಡಾ ಎಂಬ ಸರೋವರದ ಸುತ್ತ.

ನೌರುವಿನವರೇ ಒಮ್ಮೆ ನೆಲೆ ತಪ್ಪಿದವರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1942ರಲ್ಲಿ ಜಪಾನ್ ದ್ವೀಪವನ್ನು ಆಕ್ರಮಿಸಿತು. 1943ರಲ್ಲಿ ಸುಮಾರು 1,200 ಜನರನ್ನು ಪೆಸಿಫಿಕ್‌ನ ಟ್ರಕ್ (ಈಗಿನ ಚುಕ್) ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಿತು. ಕುಷ್ಠರೋಗಿಗಳಾಗಿದ್ದ 39 ಮಂದಿಯನ್ನು ದೋಣಿಗೆ ಹತ್ತಿಸಿ ಸಮುದ್ರದಲ್ಲಿ ಮುಳುಗಿಸಿತು. ಯುದ್ಧ ಮುಗಿದು 1946ರ ಜನವರಿ 31ರಂದು ಊರಿಗೆ ಮರಳಿದವರು 737 ಜನ. 1968ರಲ್ಲಿ ಸ್ವಾತಂತ್ರ್ಯ ಬಂದಾಗ ಅದೇ ಜನವರಿ 31ನ್ನೇ ಆಯ್ದುಕೊಂಡರು.

ಅದಕ್ಕೂ ಮುಂಚೆ, 1960ರ ದಶಕದ ಆರಂಭದಲ್ಲಿ, ಆಸ್ಟ್ರೇಲಿಯಾ ಇನ್ನೊಂದು ಪ್ರಸ್ತಾಪ ಇಟ್ಟಿತ್ತು. ನಿಮ್ಮ ದ್ವೀಪ ಮುಗಿಯಿತು, ಎಲ್ಲರೂ ಕ್ವೀನ್ಸ್‌ಲೆಂಡಿನ ಬಳಿಯ ಕರ್ಟಿಸ್ ದ್ವೀಪಕ್ಕೆ ಬನ್ನಿ, ಆಸ್ಟ್ರೇಲಿಯನ್ನರಾಗಿ ಬಾಳಿ ಎಂದು. ಆಗ ಮುಖಂಡರಾಗಿದ್ದ ಹ್ಯಾಮರ್ ಡಿರೋಬರ್ಟ್ ಮತ್ತು ಜೊತೆಯವರು ಒಪ್ಪಲಿಲ್ಲ. ನಮ್ಮ ಜನ ನಮ್ಮ ಆಡಳಿತದಲ್ಲೇ ಇರಬೇಕು ಎಂದರು. ಅಂದರೆ ಇಡೀ ರಾಷ್ಟ್ರವನ್ನೇ ಇನ್ನೊಂದು ದ್ವೀಪಕ್ಕೆ ಎತ್ತಿಡುವ ಯೋಚನೆ ಕ್ಯಾನ್‌ಬೆರಾಕ್ಕೆ ಹೊಸದಲ್ಲ!

ಆಮೇಲಿನದು ಎಲ್ಲರೂ ಹಾಸ್ಯ ಮಾಡುವ ಭಾಗ. ಎಪ್ಪತ್ತರ ದಶಕದಲ್ಲಿ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿ, ಮೆಲ್ಬರ್ನ್‌ನಲ್ಲಿ 52 ಮಹಡಿಯ ಕಟ್ಟಡ, ಸ್ವಂತ ವಿಮಾನ ಸಂಸ್ಥೆ. ಕೆಟ್ಟ ಹೂಡಿಕೆಗಳು, ಮೋಸಗಾರ ಸಲಹೆಗಾರರು, ದುಂದು ಎಲ್ಲ ಸೇರಿ ತೊಂಬತ್ತರ ದಶಕದ ಕೊನೆಗೆ ಖಜಾನೆ ಬರಿದು. 2005ರ ಡಿಸೆಂಬರಿನಲ್ಲಿ ಸಾಲ ಕೊಟ್ಟವರು ಉಳಿದ ಒಂದೇ ವಿಮಾನವನ್ನೂ ಜಪ್ತಿ ಮಾಡಿದರು. ಆಸ್ಟ್ರೇಲಿಯಾ ಮೊದಲ ಬಾರಿ ನಿರಾಶ್ರಿತರ ಪ್ರಸ್ತಾಪದೊಂದಿಗೆ ಬಂದದ್ದು 2001ರಲ್ಲಿ, ಈ ಬಡತನದ ನಡುವೆ. ಬೇಡ ಎನ್ನುವ ಶಕ್ತಿ ಆ ಸರ್ಕಾರಕ್ಕೆ ಇತ್ತೇ?

ನೇರಮಾತು:

ಎಲ್ಲ ಸರಿ ಮೇಷ್ಟ್ರೇ. ಆದರೆ ನಮಗೇಕೆ ಈ ಊರ ಉಸಾಬರಿ? ನಮ್ಮ ಕಡೆ ಮಳೆ ಇಲ್ಲ, ಕೆಲಸ ಇಲ್ಲ. ಪೆಸಿಫಿಕ್ ಸಾಗರದ ಚುಕ್ಕೆಯ ಬಗ್ಗೆ ಕುಳಿತು ಕಣ್ಣೀರು ಹಾಕುವುದು ಹೊಟ್ಟೆ ತುಂಬಿದವರ ಹವ್ಯಾಸ.

ಕಾನೂನು ಓದುತ್ತಿರುವವಳು:

ನೇರಮಾತು ಅವರೇ, ನೀವು ಬೇಡವೆಂದರೂ ನಂಟು ಪುದುಚೇರಿಯ ತನಕ ಬಂದಿದೆ. 2014ರ ಜೂನ್‌ನಲ್ಲಿ ಅಲ್ಲಿಂದ 157 ಶ್ರೀಲಂಕಾ ತಮಿಳರನ್ನು ಹೊತ್ತ ಒಂದು ದೋಣಿ ಹೊರಟಿತು. ಅದರಲ್ಲಿ ಮಕ್ಕಳೂ ಇದ್ದರು. ಹಲವರು ತಮಿಳುನಾಡಿನ ಶಿಬಿರಗಳಲ್ಲಿ ಬದುಕಿದ್ದವರು. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದವರು ದೋಣಿ ತಡೆದು, ಎಲ್ಲರನ್ನೂ ಒಂದು ಕಸ್ಟಮ್ಸ್ ಹಡಗಿಗೆ ಹತ್ತಿಸಿ, ಸುಮಾರು ಒಂದು ತಿಂಗಳು ಸಮುದ್ರದಲ್ಲೇ ಇಟ್ಟುಕೊಂಡರು. ಭಾರತಕ್ಕೆ ವಾಪಸು ಕಳುಹಿಸುವ ಮಾತುಕತೆಗೆ ಅಲ್ಲಿನ ಸಚಿವರು ದೆಹಲಿಗೂ ಬಂದರು. ಕೊನೆಗೆ ಆಸ್ಟ್ರೇಲಿಯಾದ ನೆಲಕ್ಕೆ ತಂದು, ಕೆಲವೇ ದಿನಗಳಲ್ಲಿ ರಾತ್ರೋರಾತ್ರಿ ನೌರುವಿಗೆ ಹಾರಿಸಿದರು. ಸಮುದ್ರದ ಮೇಲೆ ಹಾಗೆ ಬಂಧಿಸಿಟ್ಟದ್ದು ಕಾನೂನುಬದ್ಧವೇ ಎಂಬ ಪ್ರಕರಣ ಅಲ್ಲಿನ ಹೈಕೋರ್ಟಿಗೆ ಹೋಯಿತು. ಅಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟಿನ ಸ್ಥಾನದ್ದು. 2015ರ ಜನವರಿಯಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೌದು ಎಂದರು, ಮೂವರು ಅಲ್ಲ ಎಂದರು.

ಇನ್ನೊಂದು ಮಾತು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನೌರು 2011ರಲ್ಲೇ ಅದಕ್ಕೆ ಸೇರಿಕೊಂಡಿದೆ. ಹಾಗೆಂದು ಅಲ್ಲಿನ ನಿರಾಶ್ರಿತನ ಸ್ಥಿತಿ ನಮ್ಮಲ್ಲಿರುವವನಿಗಿಂತ ಮೇಲು ಎಂದೇನೂ ಹೇಳಲಾಗದು.

ಹಡಗಿನವನು, ಕಾರವಾರ:

ಈ ಕಥೆ ಶುರುವಾದ ಕಡೆಯಿಂದ ನಾನು ಸ್ವಲ್ಪ ಹೇಳುತ್ತೇನೆ. ಸರಕು ಹಡಗುಗಳಲ್ಲೇ ಕೂದಲು ನರೆತವನು ನಾನು. ನಮ್ಮ ವೃತ್ತಿಯಲ್ಲಿ ಟ್ಯಾಂಪಾ ಎಂಬ ಹೆಸರು ಕೇಳದವರು ಇಲ್ಲ.

2001ರ ಆಗಸ್ಟ್ 26. ನಾರ್ವೆಯ ಸರಕು ಹಡಗು ಟ್ಯಾಂಪಾ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಸಿಂಗಪುರದ ಕಡೆಗೆ ಹೋಗುತ್ತಿತ್ತು. ಕ್ರಿಸ್ಮಸ್ ದ್ವೀಪದ ಉತ್ತರಕ್ಕೆ ಒಂದು ಇಂಡೋನೇಷ್ಯಾದ ಮರದ ದೋಣಿ ಕೆಟ್ಟು ನಿಂತಿದೆ ಎಂದು ಕರೆ ಬಂತು. ಕರೆ ಕೊಟ್ಟದ್ದು ಆಸ್ಟ್ರೇಲಿಯಾದ ರಕ್ಷಣಾ ಸಮನ್ವಯ ಕೇಂದ್ರವೇ, ಇದನ್ನು ನೆನಪಿಡಿ. ಕ್ಯಾಪ್ಟನ್ ಆರ್ನೆ ರಿನ್ನಾನ್ ಹಡಗು ತಿರುಗಿಸಿ 433 ಪ್ರಯಾಣಿಕರನ್ನೂ ದೋಣಿಯ ಐವರು ನಾವಿಕರನ್ನೂ ಮೇಲೆ ಹತ್ತಿಸಿಕೊಂಡರು. ಹೆಚ್ಚಿನವರು ತಾಲಿಬಾನ್‌ಗೆ ಹೆದರಿ ಓಡಿಬಂದ ಅಫ್ಘಾನಿಸ್ತಾನದ ಹಜಾರಾ ಎಂಬ ಅಲ್ಪಸಂಖ್ಯಾತ ಸಮುದಾಯದವರು. ಟ್ಯಾಂಪಾದ ಸಿಬ್ಬಂದಿ 27 ಜನ, ಸುರಕ್ಷತಾ ಸಾಮಗ್ರಿ ಇದ್ದದ್ದು 50 ಜನರಿಗೆ. ಕಂಟೇನರುಗಳ ನಡುವಿನ ಬಯಲು ಡೆಕ್ ಮೇಲೆ ಗರ್ಭಿಣಿಯರು, ಮಕ್ಕಳು, ವಾಂತಿ ಭೇದಿ ಹಿಡಿದವರು. ಹೀಗಿರುವಾಗ ಹತ್ತಿರದ ಬಂದರಿಗೆ ಹೋಗದೆ ಕ್ಯಾಪ್ಟನ್ ಇನ್ನೇನು ಮಾಡಬೇಕಿತ್ತು?

ಆಸ್ಟ್ರೇಲಿಯಾ ತನ್ನ ಜಲಗಡಿ ದಾಟಬೇಡ ಎಂದಿತು. ಕ್ಯಾಪ್ಟನ್ ಕೆಲವು ದಿನ ಕಾದು, ತುರ್ತುಸ್ಥಿತಿ ಎಂದು ಘೋಷಿಸಿ ಒಳಗೆ ಬಂದರು. ಆಗ ಸೇನೆಯ ವಿಶೇಷ ಪಡೆ ಹಡಗು ಹತ್ತಿತು. ಕರೆದವನೇ ಬಾಗಿಲು ಹಾಕಿಕೊಂಡ ಹಾಗಾಯಿತು. ಸಮುದ್ರದಲ್ಲಿ ಮುಳುಗುತ್ತಿರುವವರನ್ನು ಎತ್ತಿಕೊಳ್ಳಬೇಕು ಎಂಬುದು ನಮಗೆ ಮೊದಲ ಪಾಠ. ಎತ್ತಿಕೊಂಡವರನ್ನು ಇಳಿಸಲು ಯಾರೂ ಬಿಡದಿದ್ದರೆ ಮುಂದಿನ ಹಡಗಿನವನು ದುರ್ಬೀನನ್ನು ಬೇರೆ ಕಡೆ ತಿರುಗಿಸುತ್ತಾನೆ. ಒಂದು ದಿನದ ವಿಳಂಬಕ್ಕೆ ಕಂಪನಿ ಎಷ್ಟು ಲೆಕ್ಕ ಕೇಳುತ್ತದೆ ಎಂದು ನಮ್ಮ ಕೆಲಸ ಮಾಡಿದವರಿಗೇ ಗೊತ್ತು.

ಮುಂದೆ ಏನಾಯಿತು ಎಂದರೆ, ನ್ಯೂಜಿಲೆಂಡ್ ಒಂದಷ್ಟು ಜನರನ್ನು ಒಪ್ಪಿಕೊಂಡಿತು. ಉಳಿದವರಿಗಾಗಿ ಆಸ್ಟ್ರೇಲಿಯಾದ ಜಾನ್ ಹಾವರ್ಡ್ ಸರ್ಕಾರ ಪೆಸಿಫಿಕ್‌ನಲ್ಲಿ ಜಾಗ ಹುಡುಕಿತು. ಸೆಪ್ಟೆಂಬರ್ 10ರಂದು ನೌರು ಸಹಿ ಹಾಕಿತು, ಸಿಕ್ಕಿದ್ದು 2 ಕೋಟಿ ಡಾಲರ್ ನೆರವಿನ ಭರವಸೆ. ಮರುದಿನ ನ್ಯೂಯಾರ್ಕ್‌ನ ಗೋಪುರಗಳು ಉರುಳಿದವು. ಬಳಿಕ ಅಫ್ಘನ್ನರ ಪರವಾಗಿ ಮಾತಾಡುವವರು ಯಾರು? ನವೆಂಬರಿನ ಚುನಾವಣೆಯಲ್ಲಿ ಹಾವರ್ಡ್ ಗೆದ್ದರು. ಮರುವರ್ಷ, ನಿರಾಶ್ರಿತರಿಗೆ ನೆರವಾದವರಿಗೆ ಕೊಡುವ ವಿಶ್ವಸಂಸ್ಥೆಯ ನಾನ್ಸೆನ್ ಪ್ರಶಸ್ತಿ ಕ್ಯಾಪ್ಟನ್ ರಿನ್ನಾನ್‌ಗೂ ಅವರ ಸಿಬ್ಬಂದಿಗೂ ಬಂತು.

ಮೆಲ್ಬರ್ನ್ ನಿವಾಸಿ:

ನಾನು ಇಲ್ಲಿಯೇ ಇರುವವನು. ಒಂದೇ ಕಡೆಯ ಮಾತು ಕೇಳಿ ಸಾಕಾಗಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಬೈಯುವವರು ಬೈಯಲಿ.

2008ರ ಫೆಬ್ರುವರಿಯಲ್ಲಿ ಕೆವಿನ್ ರಡ್ ಸರ್ಕಾರ ನೌರು ಶಿಬಿರವನ್ನು ಮುಚ್ಚಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲಿನ ಐದು ವರ್ಷಗಳಲ್ಲಿ ದೋಣಿಗಳು ಮತ್ತೆ ಬಂದವು, ಸುಮಾರು 1,200 ಜನ ಸಮುದ್ರದ ಪಾಲಾದರು. 2010ರ ಡಿಸೆಂಬರಿನಲ್ಲಿ ಕ್ರಿಸ್ಮಸ್ ದ್ವೀಪದ ಬಂಡೆಗಳಿಗೆ ದೋಣಿ ಬಡಿದು ಐವತ್ತರಷ್ಟು ಜನ ಸತ್ತದ್ದನ್ನು ನಾವು ದೂರದರ್ಶನದಲ್ಲಿ ನೋಡಿದೆವು. ದಡದಲ್ಲಿ ನಿಂತವರು ಜೀವರಕ್ಷಕ ಜಾಕೆಟ್ ಎಸೆಯುತ್ತಿದ್ದರು, ಅಲೆ ಅವನ್ನು ವಾಪಸು ಎಸೆಯುತ್ತಿತ್ತು. ಕರುಣೆಯ ನೀತಿಗೂ ಬೆಲೆ ಇದೆ. ಆ ಬೆಲೆಯನ್ನು ತೆತ್ತವರ ಫೋಟೊ ಯಾರ ಭಿತ್ತಿಪತ್ರದಲ್ಲೂ ಇರುವುದಿಲ್ಲ.

ಇನ್ನೊಂದು, ಇದು ಸ್ವಲ್ಪ ಸಣ್ಣತನವೆನಿಸಬಹುದು. ನಮ್ಮಂಥವರು ವೀಸಾಕ್ಕೆ ಬೇಕಾದ ಅಂಕ ಲೆಕ್ಕ ಹಾಕಿ, ಇಂಗ್ಲಿಷ್ ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ಬಂದವರು. ಏಜೆಂಟರಿಗೆ ದುಡ್ಡು ಕೊಟ್ಟು ದೋಣಿ ಹತ್ತಿದವರು ಮೊದಲು ಒಳಬಂದರೆ ಇಲ್ಲಿನ ವಲಸಿಗರಿಗೇ ಮೊದಲು ಸಿಟ್ಟು ಬರುತ್ತದೆ. ನಮ್ಮ ಕನ್ನಡ ಕೂಟದ ಊಟದ ಮೇಜಿನಲ್ಲಿ ಈ ಮಾತು ಕೇಳಿದ್ದೇನೆ, ನಾನೂ ಆಡಿದ್ದೇನೆ. ಆಸ್ಟ್ರೇಲಿಯಾ ವರ್ಷಕ್ಕೆ 20,000 ಜನರಿಗೆ ಮಾನವೀಯ ನೆಲೆಯಲ್ಲಿ ವೀಸಾ ಕೊಡುತ್ತದೆ ಎಂಬುದನ್ನೂ ಯಾರೂ ಹೇಳುವುದಿಲ್ಲ.

ಕಾನೂನು ಓದುತ್ತಿರುವವಳು:

ಮೆಲ್ಬರ್ನ್ ಅಣ್ಣಾ, ಸತ್ತವರ ಲೆಕ್ಕವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ. ಜೂಲಿಯಾ ಗಿಲ್ಲಾರ್ಡ್ ಸರ್ಕಾರ ನೌರು ಶಿಬಿರವನ್ನು ಮತ್ತೆ ತೆರೆದದ್ದು 2012ರ ಸೆಪ್ಟೆಂಬರ್‌ನಲ್ಲಿ. ದೋಣಿಗಳು ನಿಂತವೇ? 2012ರಲ್ಲಿ 17,000ಕ್ಕೂ ಹೆಚ್ಚು ಜನ ಬಂದಿದ್ದರು, 2013ರಲ್ಲಿ 20,000 ದಾಟಿತು. ಶಿಬಿರ ತೆರೆದಿದ್ದಾಗಲೇ ಅತಿ ಹೆಚ್ಚು ಜನ ಬಂದರು. ನೌರುವಿನಲ್ಲಿದ್ದವರ ಸಂಖ್ಯೆ ಅತಿ ಹೆಚ್ಚಾದಾಗ, ಅಂದರೆ 2014ರ ಆಗಸ್ಟ್‌ನಲ್ಲಿ, 1,233. ಬಂದ ಸಾವಿರಾರು ಜನರ ಮುಂದೆ ಅದು ಯಾವ ಮೂಲೆಗೆ? ದೋಣಿಗಳು ನಿಜಕ್ಕೂ ನಿಂತದ್ದು 2013ರ ಕೊನೆಯಿಂದ ನೌಕಾಪಡೆ ಅವುಗಳನ್ನು ಸಮುದ್ರದಲ್ಲೇ ಹಿಂದಕ್ಕೆ ಕಳುಹಿಸಲು ಶುರುಮಾಡಿದ ಮೇಲೆ. ಆ ಕ್ರಮ ಸರಿಯೇ ತಪ್ಪೇ ಎಂಬುದು ಬೇರೆ ಜಗಳ. ಆದರೆ ನೌರುವಿನಲ್ಲಿ ನಿರಾಶ್ರಿತರ ಮಕ್ಕಳನ್ನು ಟೆಂಟಿನಲ್ಲಿ ಇಟ್ಟದ್ದರಿಂದ ಜೀವಗಳು ಉಳಿದವು ಎಂಬ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಸರತಿಯ ಮಾತಿಗೆ: ಪ್ರವಾಸಿ ವೀಸಾದಲ್ಲಿ ವಿಮಾನದಿಂದ ಇಳಿದು ಆಮೇಲೆ ಆಶ್ರಯ ಕೋರುವವರು ಪ್ರತಿ ವರ್ಷ ಸಾವಿರಾರು ಜನ ಇದ್ದಾರೆ. ಅವರನ್ನು ಯಾರೂ ನೌರುವಿಗೆ ಕಳುಹಿಸುವುದಿಲ್ಲ. ಅರ್ಜಿ ತೀರ್ಮಾನವಾಗುವವರೆಗೆ ಊರೊಳಗೇ ಇರುತ್ತಾರೆ. ಕೋರಿಕೆ ಒಂದೇ, ಬಂದ ವಾಹನ ಬೇರೆ. ಹಜಾರಾ ಹುಡುಗನಿಗೆ ಪ್ರವಾಸಿ ವೀಸಾ ಯಾರು ಕೊಡುತ್ತಾರೆ ಹೇಳಿ. 2001ರಿಂದ 2008ರವರೆಗೆ ನೌರು ಮತ್ತು ಪಾಪುವಾ ನ್ಯೂಗಿನಿಯ ಮಾನುಸ್‌ನಲ್ಲಿ ಇಟ್ಟಿದ್ದ 1,637 ಜನರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಮಂದಿಗೆ ಬೇರೆ ದೇಶಗಳಲ್ಲಿ ನೆಲೆ ಸಿಕ್ಕಿತು. ಅವರಲ್ಲಿ 705 ಜನ ಕೊನೆಗೆ ಆಸ್ಟ್ರೇಲಿಯಾಕ್ಕೇ ಬಂದರು! ಎಲ್ಲಿಗೆ ಬರಬಾರದು ಎಂದು ವರ್ಷಗಟ್ಟಲೆ ಕೂಡಿಹಾಕಿದ್ದರೋ ಅಲ್ಲಿಗೇ. ಇದಕ್ಕೆ ಮದ್ದು ಎಂಬಂತೆ 2013ರ ಜುಲೈ 19ರಂದು, ಮತ್ತೆ ಪ್ರಧಾನಿಯಾಗಿದ್ದ ರಡ್ ಅವರೇ ಹೊಸ ನಿಯಮ ಸಾರಿದರು: ದೋಣಿಯಲ್ಲಿ ಬಂದವರು ನಿರಾಶ್ರಿತರೆಂದು ಸಾಬೀತಾದರೂ ಆಸ್ಟ್ರೇಲಿಯಾದಲ್ಲಿ ನೆಲೆಸುವಂತಿಲ್ಲ. ಅದೇ ದಿನ ನೌರು ಶಿಬಿರದಲ್ಲಿ ಗಲಭೆ ಎದ್ದು ಕಟ್ಟಡಗಳು ಸುಟ್ಟುಹೋದವು.

ಈಗ ಚರ್ಚೆ ಆರಂಭಿಸಿದವರ ಪ್ರಶ್ನೆಗೆ ಬರುತ್ತೇನೆ, ಹೊಣೆ ಯಾರದು? ಕಾನೂನಿನ ಕಸರತ್ತು ಇಲ್ಲಿ ನೋಡುವಂತಿದೆ. ಮೊದಲು ಕ್ರಿಸ್ಮಸ್ ದ್ವೀಪವನ್ನು, 2013ರಲ್ಲಿ ಇಡೀ ಆಸ್ಟ್ರೇಲಿಯಾದ ಮುಖ್ಯ ಭೂಭಾಗವನ್ನೇ, ದೋಣಿಯಲ್ಲಿ ಬಂದವರ ಮಟ್ಟಿಗೆ ವಲಸೆ ವಲಯದಿಂದ ಹೊರಗಿಟ್ಟರು. ಅಂದರೆ ಸಿಡ್ನಿಯಲ್ಲಿ ಕಾಲಿಟ್ಟರೂ ವೀಸಾ ಅರ್ಜಿಯ ಮಟ್ಟಿಗೆ ನೀವು ಆಸ್ಟ್ರೇಲಿಯಾಕ್ಕೆ ಬಂದಿಲ್ಲ. ಆಮೇಲೆ ನೌರು ಸರ್ಕಾರ ತನ್ನ ಕಾನೂನಿನ ಪ್ರಕಾರ ಅವರಿಗೆ ವೀಸಾ ಕೊಡುತ್ತದೆ, ವೀಸಾ ಶುಲ್ಕ ಕಟ್ಟುವುದು ಆಸ್ಟ್ರೇಲಿಯಾ. ಕಾವಲುಗಾರರು, ಅಡುಗೆಯವರು, ವೈದ್ಯರು ಎಲ್ಲರೂ ಆಸ್ಟ್ರೇಲಿಯಾ ಗುತ್ತಿಗೆ ಕೊಟ್ಟ ಕಂಪನಿಗಳವರು. 2016ರ ಫೆಬ್ರುವರಿಯಲ್ಲಿ ಅಲ್ಲಿನ ಹೈಕೋರ್ಟ್ ಆರು-ಒಂದರ ಬಹುಮತದಿಂದ ಈ ಏರ್ಪಾಡನ್ನು ಎತ್ತಿಹಿಡಿಯಿತು.

ನೌರುವಿನ ನ್ಯಾಯಾಲಯಕ್ಕೆ ಹೋಗಬಹುದಲ್ಲ ಎನ್ನುತ್ತೀರಾ? 2014ರ ಜನವರಿಯಲ್ಲಿ ನೌರು ಸರ್ಕಾರ ತನ್ನ ಮ್ಯಾಜಿಸ್ಟ್ರೇಟರನ್ನು ಗಡೀಪಾರು ಮಾಡಿ, ಮುಖ್ಯ ನ್ಯಾಯಮೂರ್ತಿಯ ವೀಸಾ ರದ್ದು ಮಾಡಿತು. ನೌರುವಿನ ತೀರ್ಪಿನ ವಿರುದ್ಧ ಆಸ್ಟ್ರೇಲಿಯಾದ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 1976ರ ಒಂದು ಒಪ್ಪಂದ ಅವಕಾಶ ಕೊಡುತ್ತಿತ್ತು. 2018ರಲ್ಲಿ ಅದನ್ನೂ ಕೊನೆಗೊಳಿಸಿದರು. ಪತ್ರಕರ್ತರು ಹೋಗಿ ನೋಡಲಿ ಎಂದರೆ, ಅವರ ವೀಸಾ ಅರ್ಜಿಯ ಶುಲ್ಕ 200 ಡಾಲರ್‌ನಿಂದ 8,000 ಡಾಲರ್‌ಗೆ ಏರಿತು. ವೀಸಾ ಸಿಗದಿದ್ದರೂ ಹಣ ವಾಪಸಿಲ್ಲ.

2025ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಕೊನೆಗೂ ಹೇಳಿತು: ಬೇರೆ ದೇಶಕ್ಕೆ ಹೊರಗುತ್ತಿಗೆ ಕೊಟ್ಟ ಮಾತ್ರಕ್ಕೆ ಆಸ್ಟ್ರೇಲಿಯಾದ ಹೊಣೆ ತಪ್ಪುವುದಿಲ್ಲ, ಅಲ್ಲಿನ ಅಕ್ರಮ ಬಂಧನಕ್ಕೆ ಅದೇ ಉತ್ತರಿಸಬೇಕು. ಆದರೆ ಸಮಿತಿಯ ಅಭಿಪ್ರಾಯವನ್ನು ಜಾರಿ ಮಾಡಿಸುವ ಪೊಲೀಸರು ಯಾರೂ ಇಲ್ಲ.

ಮನೋವೈದ್ಯ, ಧಾರವಾಡ:

ಮಕ್ಕಳ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 2016ರ ಆಗಸ್ಟ್‌ನಲ್ಲಿ ಗಾರ್ಡಿಯನ್ ಪತ್ರಿಕೆ ನೌರು ಶಿಬಿರದ ಎರಡು ಸಾವಿರಕ್ಕೂ ಹೆಚ್ಚು ಆಂತರಿಕ ವರದಿಗಳನ್ನು ಬಯಲು ಮಾಡಿತು. ಹಲ್ಲೆ, ಲೈಂಗಿಕ ದೌರ್ಜನ್ಯ, ಸ್ವಯಂ ಹಾನಿಯ ಆ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸಂಬಂಧಿಸಿದವು. ಶಿಬಿರದಲ್ಲಿದ್ದವರಲ್ಲಿ ಮಕ್ಕಳ ಪಾಲು ಅದಕ್ಕಿಂತ ಬಹಳ ಕಡಿಮೆ. ಇವನ್ನು ಬರೆದವರು ಅಲ್ಲಿನ ಶಿಕ್ಷಕರು, ಕಾವಲುಗಾರರು, ಸಮಾಜಕಾರ್ಯಕರ್ತರು. ಯಾರೋ ವಿರೋಧಿಗಳು ಹೊರಗಿನಿಂದ ಕಟ್ಟಿದ ಕಥೆಗಳು ಎನ್ನಲು ಬರುವುದಿಲ್ಲ.

ವೃತ್ತಿಯ ಕಾರಣಕ್ಕೆ ನನ್ನನ್ನು ಹೆಚ್ಚು ಕಾಡಿದ್ದು ಗಡಿಗಳಿಲ್ಲದ ವೈದ್ಯರು ಎಂಬ ಸಂಸ್ಥೆಯ ವರದಿ. 2017ರ ಕೊನೆಯಿಂದ ಸುಮಾರು ಒಂದು ವರ್ಷ ಅವರು ನೌರುವಿನಲ್ಲಿ ಮಾನಸಿಕ ಚಿಕಿತ್ಸೆ ಕೊಟ್ಟರು. ಅವರ ಬಳಿ ಬಂದ 208 ನಿರಾಶ್ರಿತರಲ್ಲಿ ನೂರಕ್ಕೆ ಅರವತ್ತು ಮಂದಿಗೆ ಸಾಯುವ ಯೋಚನೆ ಇತ್ತು, ಮೂವತ್ತು ಮಂದಿ ಪ್ರಯತ್ನವನ್ನೂ ಮಾಡಿದ್ದರು. ಅದೇ ವೈದ್ಯರು ನೌರುವಿನ ಸ್ಥಳೀಯರಿಗೂ ಚಿಕಿತ್ಸೆ ಕೊಟ್ಟರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚೇತರಿಸಿಕೊಂಡರು, ನಿರಾಶ್ರಿತರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಬ್ಬರು. ವೈದ್ಯರು ಅವರೇ, ಔಷಧಿಯೂ ಅದೇ. ಫಲಿತಾಂಶ ಬೇರೆಯಾದದ್ದು ಏಕೆ? ಯುದ್ಧ ನೋಡಿ ಬಂದವರಾದ್ದರಿಂದ ಎಂದು ಕೆಲವರು ಹೇಳುತ್ತಾರೆ. ಅದೂ ಇದೆ. ಆದರೆ ಯುದ್ಧ ನೋಡಿದವರನ್ನು ನಾವು ಗುಣಪಡಿಸುತ್ತೇವೆ. ಗುಣಪಡಿಸಲಾಗದ್ದು ಕೊನೆಯ ದಿನಾಂಕವೇ ಇಲ್ಲದ ಕಾಯುವಿಕೆಯನ್ನು. ಜೈಲಿನ ಕೈದಿಗೆ ಬಿಡುಗಡೆಯ ತಾರೀಖು ಗೊತ್ತಿರುತ್ತದೆ.

ಮಕ್ಕಳಲ್ಲಿ ಕಾಣಿಸಿಕೊಂಡದ್ದು ಇನ್ನೂ ವಿಚಿತ್ರ ಸ್ಥಿತಿ. ಮೊದಲು ಆಟ ಬಿಡುತ್ತಾರೆ, ಆಮೇಲೆ ಮಾತು, ಊಟ, ನೀರು. ಕೊನೆಗೆ ಕಣ್ಣು ತೆರೆಯದೆ ಹಾಸಿಗೆ ಹಿಡಿಯುತ್ತಾರೆ. ಇಂಥ ಪ್ರಕರಣಗಳು ಮೊದಲು ದೊಡ್ಡ ಸಂಖ್ಯೆಯಲ್ಲಿ ದಾಖಲಾದದ್ದು ಸ್ವೀಡನ್ನಿನಲ್ಲಿ, ಅಲ್ಲಿಯೂ ಆಶ್ರಯ ಕೋರಿದ ಕುಟುಂಬಗಳ ಮಕ್ಕಳಲ್ಲೇ. ಕುಟುಂಬಕ್ಕೆ ಸುರಕ್ಷಿತ ನೆಲೆ ಖಾತ್ರಿಯಾದರೆ ಮಗು ತಿಂಗಳುಗಳಲ್ಲಿ ನಿಧಾನವಾಗಿ ಮರಳುತ್ತದೆ. ಇದನ್ನು ಗುರುತಿಸಿ ಹೇಳಿದ ವೈದ್ಯರಿಗೆ 2018ರ ಅಕ್ಟೋಬರಿನಲ್ಲಿ ನೌರು ಸರ್ಕಾರ ನಿಮ್ಮ ಸೇವೆ ಇನ್ನು ಬೇಡ ಎಂದಿತು. ಅಷ್ಟರಲ್ಲಿ ಆಸ್ಟ್ರೇಲಿಯಾದ ವೈದ್ಯರೂ ಸಾಮಾನ್ಯ ಜನರೂ ಬೀದಿಗಿಳಿದಿದ್ದರು. 2019ರ ಫೆಬ್ರುವರಿಯಲ್ಲಿ ಕೊನೆಯ ಮಕ್ಕಳು ದ್ವೀಪ ಬಿಟ್ಟರು. ಆಸ್ಟ್ರೇಲಿಯಾದ ಸಾರ್ವಜನಿಕರಿಗೆ ಈ ಶ್ರೇಯ ಸಲ್ಲಬೇಕು. ಮೆಲ್ಬರ್ನಿನವರು ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಮೆಲ್ಬರ್ನ್ ನಿವಾಸಿ:

ಆ ಮೆರವಣಿಗೆಗಳಲ್ಲಿ ನನ್ನ ಮಗಳು ಇದ್ದಳು ಡಾಕ್ಟರೇ. ಮಕ್ಕಳ ವಿಷಯದಲ್ಲಿ ನನಗೂ ತಕರಾರಿಲ್ಲ.

ನೇರಮಾತು:

ಹಾಗಾದರೆ ನೌರುವಿನವರು ದೇವರಂಥವರೇ? ಪತ್ರಕರ್ತರನ್ನು ಬಿಡುವುದಿಲ್ಲ, ನ್ಯಾಯಾಧೀಶರನ್ನು ಓಡಿಸುತ್ತಾರೆ, ವೈದ್ಯರನ್ನು ಓಡಿಸುತ್ತಾರೆ. ಬಡತನ ಎಂದು ಎಲ್ಲವನ್ನೂ ಮಾಫಿ ಮಾಡಲು ಆಗುತ್ತದೆಯೇ? ನಮ್ಮ ಕಡೆಯ ಬಡವರು ಹೀಗೆ ಮಾಡಿದರೆ ಬಿಡುತ್ತೀರಾ?

ನಿವೃತ್ತ ಮೇಷ್ಟ್ರು, ಹಾಸನ:

ಒಳ್ಳೆಯ ಪ್ರಶ್ನೆ. ಮಾಫಿ ಬೇಡ. ಆದರೆ ನೌರು ಸರ್ಕಾರ ಬೇರೆ, ನೌರುವಿನ ಜನ ಬೇರೆ. ಅಲ್ಲಿನ ಜನರಿಗೆ ಶಿಬಿರದಿಂದ ಸಿಕ್ಕಿದ್ದು ಕಾವಲುಗಾರ, ಶುಚಿಗಾರ, ಚಾಲಕನ ಕೆಲಸ. ಅಂಗಡಿ, ಮನೆ ಬಾಡಿಗೆ, ವಿಮಾನದ ಟಿಕೆಟ್ ಎಲ್ಲವೂ ಅದರ ಮೇಲೆ ನಿಂತವು. ದ್ವೀಪದಲ್ಲಿ ಬೇರೆ ಉದ್ಯೋಗ ಎಲ್ಲಿದೆ? ಇದರ ಜೊತೆಗೇ ಅಸಮಾಧಾನವೂ ಬೆಳೆಯಿತು. ಒಂದೇ ಆಸ್ಪತ್ರೆ, ಸಮುದ್ರದ ನೀರನ್ನು ಶುದ್ಧೀಕರಿಸಿ ಕುಡಿಯುವ ಊರು, ಅಲ್ಲಿ ಜನಸಂಖ್ಯೆಯ ಹತ್ತನೇ ಒಂದು ಭಾಗದಷ್ಟು ಹೊಸಬರು ಬಂದು ಇಳಿದರೆ ಹೇಗಿರುತ್ತದೆ? ಜಗಳವಾಯಿತು, ನಿರಾಶ್ರಿತರ ಮೇಲೆ ಹಲ್ಲೆಗಳೂ ಆದವು. ಅದೇ ಊರಿನಲ್ಲಿ ಕೆಲವು ನಿರಾಶ್ರಿತರು ಸಣ್ಣ ಅಂಗಡಿ, ಹೋಟೆಲ್ ಇಟ್ಟರು, ಸ್ಥಳೀಯರು ಅಲ್ಲಿ ಉಂಡರು. ಎರಡೂ ನಿಜ.

ಸರ್ಕಾರದ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ನಾನೇ ಇನ್ನಷ್ಟು ತುಪ್ಪ ಸುರಿಯುತ್ತೇನೆ. 2018ರ ಸೆಪ್ಟೆಂಬರಿನಲ್ಲಿ ಪೆಸಿಫಿಕ್ ದೇಶಗಳ ನಾಯಕರ ಸಭೆ ನೌರುವಿನಲ್ಲಿ ನಡೆಯುವ ಮುನ್ನ, ಕುಟುಂಬಗಳಿದ್ದ ಟೆಂಟುಗಳನ್ನು ಕಿತ್ತುಹಾಕುವ ಕೆಲಸ ತರಾತುರಿಯಲ್ಲಿ ನಡೆಯಿತು. ಇನ್ನು ಇತ್ತೀಚಿನದು: ಸಮುದ್ರಮಟ್ಟ ಏರುತ್ತಿದೆ, ಕರಾವಳಿಯ ಮನೆಗಳನ್ನು ಎತ್ತರದ ನೆಲಕ್ಕೆ ಸಾಗಿಸಲು ಹಣ ಬೇಕು ಎಂದು ನೌರು ಈಗ ಪೌರತ್ವವನ್ನೇ ಮಾರುತ್ತಿದೆ. 2025ರಲ್ಲಿ ಬೆಲೆ 1,05,000 ಅಮೆರಿಕನ್ ಡಾಲರ್‌ನಿಂದ ಶುರುವಾಗುತ್ತಿತ್ತು. ಕೊಂಡವರು ದ್ವೀಪಕ್ಕೆ ಕಾಲಿಡಬೇಕಾಗಿಲ್ಲ. ಐದಾರು ವರ್ಷ ಅಲ್ಲಿಯೇ ಬದುಕಿ, ಅಲ್ಲಿಯೇ ಮಕ್ಕಳನ್ನು ಹೆತ್ತ ನಿರಾಶ್ರಿತರಿಗೆ ಸಿಕ್ಕಿದ್ದು ತಾತ್ಕಾಲಿಕ ವೀಸಾ. ಹಾಗೆಂದು ಎತ್ತರದ ನೆಲ ಯಾವುದು ಎಂದು ಕೇಳಿ. ಅದು ಫಾಸ್ಫೇಟ್ ಬಗೆದು ಹಾಳುಮಾಡಿದ, ಅವರು ಟಾಪ್‌ಸೈಡ್ ಎಂದು ಕರೆಯುವ ಪ್ರಸ್ಥಭೂಮಿ. ಶಿಬಿರ ಕಟ್ಟಿದ್ದೂ ಅದೇ ಪ್ರದೇಶದಲ್ಲಿ. ಹಾಳಾದ ಆ ನೆಲಕ್ಕೆ ಪರಿಹಾರ ಕೋರಿ ನೌರು 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದಿತ್ತು. 1993ರಲ್ಲಿ 10.7 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದನ್ನು ಈ ಹೊಸ ಒಪ್ಪಂದದ 250 ಕೋಟಿಯ ಪಕ್ಕದಲ್ಲಿ ಇಟ್ಟು ನೋಡಿ. ಹಣದ ಬೆಲೆ ಇಳಿದಿದೆ, ಒಪ್ಪುತ್ತೇನೆ. ಆದರೂ ನೆಲ ಹಾಳುಮಾಡಿದ್ದಕ್ಕೆ ಕೊಟ್ಟದ್ದಕ್ಕಿಂತ ಬೇಡದ ಜನರನ್ನು ಇಟ್ಟುಕೊಳ್ಳಲು ಕೊಡುವುದು ಎಷ್ಟೋ ಪಟ್ಟು ಹೆಚ್ಚು.

ಹಡಗಿನವನು, ಕಾರವಾರ:

ಒಂದು ಸಂದೇಹ. ಮಕ್ಕಳು ಹೋದರು ಎಂದಿರಿ, ಉಳಿದವರು ಎಲ್ಲಿಗೆ ಹೋದರು?

ಕಾನೂನು ಓದುತ್ತಿರುವವಳು:

ಹಲವು ಕಡೆ ಚದುರಿದರು. 2014ರಲ್ಲಿ ಕಾಂಬೋಡಿಯಾದೊಂದಿಗೆ ಒಂದು ಒಪ್ಪಂದವಾಯಿತು, ನಾಲ್ಕು ಕೋಟಿ ಡಾಲರ್ ನೆರವು ಕೊಟ್ಟರು. ಅಲ್ಲಿಗೆ ಹೋದವರು ಬೆರಳೆಣಿಕೆಯಷ್ಟು. 2016ರಲ್ಲಿ ಒಬಾಮಾ ಸರ್ಕಾರ 1,250 ಜನರವರೆಗೆ ತೆಗೆದುಕೊಳ್ಳಲು ಒಪ್ಪಿತು. ಟ್ರಂಪ್ ಬೈದುಕೊಂಡೇ ಅದನ್ನು ಮುಂದುವರಿಸಿದರು, ನೌರು ಮತ್ತು ಮಾನುಸ್‌ನಿಂದ ಸಾವಿರಕ್ಕೂ ಹೆಚ್ಚು ಜನ ಅಮೆರಿಕ ಸೇರಿದರು. ವರ್ಷಕ್ಕೆ 150 ಜನರನ್ನು ಕೊಡಿ ಎಂದು ನ್ಯೂಜಿಲೆಂಡ್ 2013ರಿಂದಲೇ ಕೇಳುತ್ತಿತ್ತು. ಆಸ್ಟ್ರೇಲಿಯಾ ಒಪ್ಪಿದ್ದು 2022ರಲ್ಲಿ. ಈ ಒಂಬತ್ತು ವರ್ಷದ ತಡಕ್ಕೆ ಕೊಟ್ಟ ಕಾರಣ, ನ್ಯೂಜಿಲೆಂಡ್ ಪೌರರಾದ ಮೇಲೆ ಅವರು ಆಸ್ಟ್ರೇಲಿಯಾಕ್ಕೆ ಬಂದುಬಿಡಬಹುದು ಎಂದು. ಚಿಕಿತ್ಸೆಗಾಗಿ ಆಸ್ಟ್ರೇಲಿಯಾಕ್ಕೆ ಬಂದವರು ಹಲವರು ಇಂದಿಗೂ ತಾತ್ಕಾಲಿಕ ವೀಸಾಗಳ ಮೇಲೆ ಇದ್ದಾರೆ. 2023ರ ಜೂನ್‌ನಲ್ಲಿ ನೌರು ಶಿಬಿರ ಖಾಲಿಯಾಯಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಹೊಸ ದೋಣಿಯವರನ್ನು ಕಳುಹಿಸಿದರು.

ನಿರ್ವಾಹಕರು:

ನೇರಮಾತು ಅವರ ಮತ್ತೊಂದು ಪ್ರತಿಕ್ರಿಯೆಯನ್ನು ತೆಗೆಯಲಾಗಿದೆ. ಒಂದು ಸಮುದಾಯದ ಬಗ್ಗೆ ಸಾರಾಸಗಟು ಮಾತು ಬೇಡ. ಉಳಿದವರು ಮುಂದುವರಿಸಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಮೆಲ್ಬರ್ನಿನವರಿಗೆ ಒಂದು ನೇರ ಪ್ರಶ್ನೆ. ದೋಣಿಗಳನ್ನು ತಡೆಯಲು ನೌರು ಬೇಕು ಎಂಬ ನಿಮ್ಮ ವಾದವನ್ನು ಒಂದು ಕ್ಷಣ ಒಪ್ಪಿದೆ ಎಂದಿಟ್ಟುಕೊಳ್ಳಿ. ಆದರೆ 2025ರ ಒಪ್ಪಂದದಲ್ಲಿ ಹೋಗುವವರು ದೋಣಿಯಿಂದ ಈಗತಾನೇ ಇಳಿದವರಲ್ಲ. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ಗಡೀಪಾರು ಸಾಧ್ಯವೇ ಇಲ್ಲದವರನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿ ಇಡುವಂತಿಲ್ಲ ಎಂದಿತು. ಆಗ ಬಿಡುಗಡೆಯಾದವರು ಇವರು. ಹಲವರು ಅಪರಾಧ ಮಾಡಿದ್ದಾರೆ, ಕೆಲವರದು ಘೋರ ಅಪರಾಧ. ಆದರೆ ಅದಕ್ಕೆ ಶಿಕ್ಷೆ ಮುಗಿಸಿದ್ದಾರೆ. ಆಸ್ಟ್ರೇಲಿಯಾದ ನಾಗರಿಕ ಅದೇ ಅಪರಾಧ ಮಾಡಿದ್ದರೆ ಶಿಕ್ಷೆ ಮುಗಿಸಿ ಮನೆಗೆ ಹೋಗುತ್ತಿದ್ದ. ಇವರಿಗೆ ಮೂವತ್ತು ವರ್ಷದ ನೌರು ವೀಸಾ. ಇಲ್ಲಿ ಯಾವ ದೋಣಿಯನ್ನು ತಡೆದಂತಾಯಿತು?

ಮೆಲ್ಬರ್ನ್ ನಿವಾಸಿ:

ಇದಕ್ಕೆ ನನ್ನಲ್ಲಿ ದೋಣಿಯ ಉತ್ತರ ಇಲ್ಲ. ಇಲ್ಲಿನ ಪತ್ರಿಕೆಗಳು ಆ ಬಿಡುಗಡೆಯ ನಂತರ ವಾರಗಟ್ಟಲೆ ಕೊಲೆಗಾರರು ಬೀದಿಯಲ್ಲಿ ಎಂದು ಬರೆದವು. ಯಾವ ಸರ್ಕಾರವೂ ಅದನ್ನು ತಡೆದುಕೊಳ್ಳುವುದಿಲ್ಲ. ಸಚಿವ ಟೋನಿ ಬರ್ಕ್ ನೌರುವಿಗೆ ಹೋಗಿ ಅಧ್ಯಕ್ಷ ಡೇವಿಡ್ ಅಡಿಯಾಂಗ್ ಅವರೊಂದಿಗೆ ಸಹಿ ಮಾಡಿ ಬಂದಾಗ ಇಲ್ಲಿ ನಿಟ್ಟುಸಿರು ಬಿಟ್ಟವರೇ ಹೆಚ್ಚು. ನನ್ನ ನೆರೆಮನೆಯಲ್ಲಿ ಅಂಥವನು ಬಂದು ಇಳಿದರೆ ನನಗೂ ನಿದ್ದೆ ಬರುವುದಿಲ್ಲ, ಸುಳ್ಳು ಹೇಳಲಾರೆ. ಅದೇ ಭಯ ನೌರುವಿನವರಿಗೂ ಇರುತ್ತದಲ್ಲ ಎಂದು ಮಗಳು ಕೇಳುತ್ತಾಳೆ. ಅವರಿಗೆ ಹಣ ಕೊಡುತ್ತಿದ್ದೇವಲ್ಲ ಎಂದೆ. ಯಾರ ಕೈಗೆ ಎಂದು ಕೇಳಿದಳು.

ನಿವೃತ್ತ ಮೇಷ್ಟ್ರು, ಹಾಸನ:

ನಿಮ್ಮ ಮಗಳಿಗೂ ಇಲ್ಲಿ ಬರೆಯಲು ಹೇಳಿ. ಕನ್ನಡ ಬರೆಯಲು ಬಾರದಿದ್ದರೆ ನೀವೇ ಬೆರಳಚ್ಚು ಮಾಡಿಕೊಡಿ.